ಜಗಲಿಯ ಮೇಲೆ ನಿಂತ ಮಗಳು

ನಮ್ಮ ಮನೆ ಬಂಗಾಳದ ಮಹಾನಗರದಲ್ಲಿ, ಸದರ್ನ್ ಅವೆನ್ಯೂವಿನಿಂದ ಒಳಕ್ಕೆ ಹೋಗುವ ಒಂದು ಗಲ್ಲಿಯಲ್ಲಿತ್ತು. ಜೋರು ಮಳೆಯಾದರೆ ಅಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ಜನ ಸೀರೆ, ಪ್ಯಾಂಟು ಎತ್ತಿ ಹಿಡಿದುಕೊಂಡು ಅದರಲ್ಲೇ ಗರಿಯಾಹಾಟಿನ ಮಾರುಕಟ್ಟೆಗೆ ಹೋಗಿ ಮೀನು, ತರಕಾರಿ ತರುತ್ತಾರೆ. ನಾನೂ ಹಾಗೇ ಓಡಾಡಿದವಳು. ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಕಳೆದ ಮೇಲೆ ಮಾತ್ರ, ನಿಂತ ನೀರು ಕಂಡರೆ ನನ್ನ ಕಾಲು ಏಳುವುದಿಲ್ಲ.

ಆ ದಿನಗಳಲ್ಲಿ ಮನೆಯಲ್ಲಿ ಒಂದೇ ಜಗಳ. ನನ್ನವರು ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದಾರೆ, ಮತ್ತೆ ವರ್ಗದ ಸುದ್ದಿ ಬಂದಿತ್ತು. ಮಗಳನ್ನು ಕರ್ನಾಟಕದಲ್ಲೇ ಯಾವುದಾದರೂ ವಸತಿ ಶಾಲೆಗೆ ಸೇರಿಸೋಣ ಎಂದು ಅವರು, ಕೂಡದು ಎಂದು ನಾನು.

"ನೀನೇ ಹಾಸ್ಟೆಲಲ್ಲಿ ಬೆಳೆದೋಳು. ನೀನೇ ಬೇಡ ಅಂತೀಯಲ್ಲ?"

"ಬೆಳೆದೋಳಿಗೇ ಗೊತ್ತಿರೋದು," ಎಂದಿದ್ದೆ.

ನನಗೆ ಗೊತ್ತಿದ್ದದ್ದು ಹೆದರಿಕೆ. ತುಮಕೂರಿನ ಕಡೆಯ ಆ ಶಾಲೆಗೆ ಅಪ್ಪ ನನ್ನನ್ನು ಬಿಟ್ಟು ಹೋದಾಗ ನಾನಿನ್ನೂ ಐದನೇ ಕ್ಲಾಸು. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಟ್ರಂಕುಗಳು, ಗುರುತಿಲ್ಲದ ಮುಖಗಳು. ಮೇಡಂ ಒಬ್ಬ ದೊಡ್ಡ ಹುಡುಗಿಯನ್ನು ಕರೆದು ನನ್ನ ಕೈಯನ್ನು ಅವಳ ಕೈಗಿಟ್ಟು, "ಇನ್ಮೇಲೆ ಇವಳು ನಿನ್ನವಳು. ಇವಳಿಗೇನಾದ್ರೂ ಆದ್ರೆ ನಿನ್ನನ್ನೇ ಕೇಳೋದು," ಎಂದರು. ಆ ಅಕ್ಕ ನನ್ನ ತಲೆಯ ಹೇನು ತೆಗೆದಳು, ಬಟ್ಟೆ ಹಿಂಡುವುದನ್ನು ಕಲಿಸಿದಳು. ಒಂದು ಸಂಜೆ ಆ ಕೋಣೆಯೊಳಗೆ ಹಾವು ಬಂತು. ಹುಡುಗಿಯರೆಲ್ಲ ಚೀರಿಕೊಂಡು ಓಡಿದರು. ಬಾಗಿಲಿಗೂ ನಮಗೂ ನಡುವೆ ಹಾವಿತ್ತು. ಅಕ್ಕ ನನ್ನನ್ನು ಟ್ರಂಕಿನ ಮೇಲೆ ಹತ್ತಿಸಿ ತಾನೂ ಹತ್ತಿದಳು.

"ಕಿರುಚಬೇಡ. ಕಣ್ಣಿಗೆ ಏನೇನು ಕಾಣುತ್ತೋ ಒಂದೊಂದಾಗಿ ಹೇಳ್ತಾ ಹೋಗು. ನಾನು ಕೇಳಿಸ್ಕೋತಾ ಇರ್ತೀನಿ."

ಬಕೆಟ್ಟು, ಹಸಿರು ಟವೆಲ್ಲು, ಕಿಟಕಿ ಎಂದು ಹೇಳುತ್ತ ಹೋದೆ. ಕಾವಲುಗಾರ ಬಂದು ಹಾವನ್ನು ಹೊರಗೆ ಹಾಕುವವರೆಗೂ ಹೇಳಿದೆ. ಅಷ್ಟು ಹೊತ್ತೂ ನನ್ನ ಕೈ ಹಿಡಿದಿದ್ದ ಅವಳ ಕೈ ನನ್ನದಕ್ಕಿಂತ ಹೆಚ್ಚು ನಡುಗುತ್ತಿತ್ತು.

ಕಳೆದ ಮಳೆಗಾಲದ ಆ ಮಧ್ಯಾಹ್ನ ಶಾಲೆಯಿಂದ ಮಕ್ಕಳನ್ನು ತರುವ ವ್ಯಾನು ಗಲ್ಲಿಯ ತಿರುವಿನಲ್ಲೇ ಕೆಟ್ಟು ನಿಂತಿತು. ಡ್ರೈವರು ನನ್ನ ಮಗಳನ್ನೂ ಮೇಲಿನ ಮನೆಯ ಬಂಗಾಳಿಗಳ ಪುಟ್ಟ ಹುಡುಗಿಯನ್ನೂ ಆಚೆ ಬದಿಯಿಂದ ಹೊತ್ತು ತಂದು ನಮ್ಮ ಎದುರಿನ ಬೀಗ ಹಾಕಿದ ಮನೆಯ ಜಗಲಿಯ ಮೇಲೆ ಇಳಿಸಿ, ಉಳಿದ ಮಕ್ಕಳಿಗಾಗಿ ವಾಪಸು ಹೋದ. ಇವರನ್ನು ಕರೆತರೋಣವೆಂದು ನಾನು ಕೆಳಗಿಳಿದು ಬಂದೆ. ಕೊನೆಯ ಮೆಟ್ಟಿಲಲ್ಲಿದ್ದಾಗ ಒಂದು ನಾಯಿ ನೀರಿನಲ್ಲಿ ಈಜಿಕೊಂಡು ಬೀದಿದೀಪದ ಕಂಬದ ಹತ್ತಿರ ಬಂತು. ಒಮ್ಮೆ ಕೂಗಿತು. ಆಮೇಲೆ ಕೊರಡಿನಂತೆ ಸೆಟೆದು ತೇಲಿತು.

"ಬೌದಿ, ಜಲೇ ನಾಮ್ಬೇನ್ ನಾ! ಕಾರೆಂಟ್!" ಎಂದು ಪಕ್ಕದ ಔಷಧಿ ಅಂಗಡಿಯವನು ಅರಚಿದ. ಅತ್ತಿಗೆ, ನೀರಿಗಿಳಿಯಬೇಡಿ, ಕರೆಂಟಿದೆ ಎಂದು.

ಆ ಕಂಬ ನನಗೂ ಮಕ್ಕಳಿಗೂ ಮಧ್ಯೆ ಇತ್ತು. ಮಗಳು ನನ್ನನ್ನು ನೋಡಿ ನಕ್ಕಳು. "ಅಮ್ಮಾ, ಐ ಆಮ್ ಕಮಿಂಗ್!" ಎಂದು ಒಂದು ಕಾಲು ಮುಂದಿಟ್ಟಳು.

ನನ್ನ ಗಂಟಲಿನಿಂದ ಹೊರಟದ್ದು ಮನುಷ್ಯರ ದನಿಯಂತಿರಲಿಲ್ಲ. ಅವಳು ಬೆಚ್ಚಿ ನಿಂತಳು. ಪುಟ್ಟ ಹುಡುಗಿ ಹೋ ಎಂದು ಅಳತೊಡಗಿ, ಅಂಚಿಗೆ ಬಂದಳು. ನನ್ನ ಬಾಯಿ ತನ್ನಷ್ಟಕ್ಕೆ ಮಾತಾಡಿತು.

"ಕಂದಾ, ಅವಳ ಕೈ ಹಿಡ್ಕೋ. ಗೋಡೆಗೆ ಒರಗಿ ಕೂತ್ಕೊಳ್ಳಿ. ಅವಳು ಈಗ ನಿನ್ನವಳು, ಕೈ ಬಿಡಬೇಡ."

"ಅವ್ಳು ಕ್ರೈ ಮಾಡ್ತಾ ಇದಾಳೆ, ಅಮ್ಮ."

"ಮಾಡ್ಲಿ. ಏನೇನು ಕಾಣ್ತಾ ಇದೆ, ಇಬ್ರೂ ನಂಗೆ ಹೇಳಿ. ಜೋರಾಗಿ."

ಅಂಗಡಿಯವನು ವಿದ್ಯುತ್ ಕಚೇರಿಗೆ ಫೋನಿನ ಮೇಲೆ ಫೋನು ಮಾಡುತ್ತಿದ್ದ. ಡ್ರೈವರು ತಿರುವಿನಲ್ಲೇ ನಿಂತು ಬರುವವರನ್ನು ತಡೆಯುತ್ತಿದ್ದ. ಆಚೆಯಿಂದ ಕನ್ನಡ, ಬಂಗಾಳಿ, ಇಂಗ್ಲಿಷು ಎಲ್ಲ ಕಲಸಿಕೊಂಡು ಬಂತು: ಕಾಗೆ, ಜಾನ್ಲಾ ಎಂದರೆ ಕಿಟಕಿ, ರೆಡ್ ಬಕೆಟ್, ಚಪ್ಪಲಿ. "ಆ ನಾಯಿ ಮಲಗಿದೆ," ಎಂದಳು ಮಗಳು. "ಅದು ಬೇಡ, ಬೇರೆ ಹೇಳು," ಎಂದೆ. ಅವರು ಸುಮ್ಮನಾದಾಗಲೆಲ್ಲ "ಇನ್ನೂ? ಇನ್ನೂ?" ಎಂದು ಕೂಗುತ್ತಿದ್ದೆ. ಮಳೆ ಮತ್ತೆ ಶುರುವಾಯಿತು, ನೀರು ಜಗಲಿಯ ಅಂಚು ಮುಟ್ಟುವಷ್ಟು ಏರಿತು. ಇನ್ನೊಂದು ಗೇಣು ಏರಿದರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಕೊನೆಗೆ ಬೀದಿಯ ಕರೆಂಟು ಹೋಯಿತು. ವಿದ್ಯುತ್ ಕಚೇರಿಯಿಂದ ಬಂದವರು ಕಂಬವನ್ನು ಪರೀಕ್ಷಿಸಿ ಅಪಾಯವಿಲ್ಲವೆಂದು ಕೈಯೆತ್ತಿದ ಮೇಲೆ ಡ್ರೈವರು ಇಬ್ಬರನ್ನೂ ಹೊತ್ತು ತಂದ. ಪುಟ್ಟ ಹುಡುಗಿಯ ಬೆರಳುಗಳು ನನ್ನ ಮಗಳ ಕೈಯೊಳಗೇ ಇದ್ದವು, ಬಿಡಿಸಬೇಕಾಯಿತು.

ಮಗಳಿಗೆ ಒಂದು ವಾರ ಜ್ವರ. ನಾನು ಬಹಳ ಯೋಚಿಸಿದೆ. ಹಾಸ್ಟೆಲು ನನಗೆ ಧೈರ್ಯವನ್ನಂತೂ ಕೊಟ್ಟಿರಲಿಲ್ಲ. ಹೆದರಿಕೊಂಡೇ ಇನ್ನೊಬ್ಬರ ಕೈ ಹಿಡಿಯುವುದನ್ನು ರೂಢಿ ಮಾಡಿಸಿತ್ತು. ಆ ರೂಢಿ ಮನೆಯಲ್ಲಿ ನನ್ನ ಸೆರಗಿನ ಹಿಂದೆ ಇದ್ದು ಬರುವುದೋ ಇಲ್ಲವೋ, ತಿಳಿಯದು. ವರ್ಗದ ಆದೇಶ ಬಂದಾಗ ಮಗಳನ್ನೇ ಕೇಳಿದೆವು. ಹೋಗುತ್ತೇನೆ ಎಂದಳು.

ಈ ಜೂನ್‌ನಲ್ಲಿ ಮೈಸೂರಿನ ಹತ್ತಿರದ ವಸತಿ ಶಾಲೆಯಲ್ಲಿ ಅವಳನ್ನು ಬಿಟ್ಟು ಬಂದೆವು. ಅವಳು ತಿರುಗಿ ನೋಡದೆ ಒಳಗೆ ಹೋದಳು. ಟ್ಯಾಕ್ಸಿಯಲ್ಲಿ ಕೂತ ಮೇಲೆ ಕಂಡದ್ದನ್ನು ಒಂದೊಂದಾಗಿ ಹೇಳಿಕೊಳ್ಳತೊಡಗಿದೆ: ಗೇಟು, ಮರ, ಗಂಟೆ.

"ವಾಪಸ್ ಕರ್ಕೊಂಡು ಬಂದುಬಿಡೋಣ್ವಾ?" ಎಂದರು ನನ್ನವರು.

"ಬೇಡ," ಎಂದೆ. "ಸ್ವಲ್ಪ ಹೊತ್ತು ಗಾಡಿ ಇಲ್ಲೇ ನಿಂತಿರಲಿ."