ಐದನೇ ಸುತ್ತಿನ ತಪ್ಪು

ಕ್ರೋಶಾ ಹೆಣಿಗೆಯಲ್ಲಿ ಬಹಳ ಜಾಣೆಯಾದ ಹೆಂಗಸನ್ನು ನಮೂನೆಯ ಪರೀಕ್ಷೆಗೆ ಎಂದೂ ಇಟ್ಟುಕೊಳ್ಳಬಾರದು. ಇದು ಕಾನ್ವೆಂಟಿನಲ್ಲಿ ಕಲಿತದ್ದಲ್ಲ. ಜಹೀರಾಬಾದಿಗೆ ಸೊಸೆಯಾಗಿ ಬಂದ ಮೇಲೆ ನನಗೆ ತಿಳಿದದ್ದು.

ಹೈದರಾಬಾದಿನ ಕಾನ್ವೆಂಟಿನಲ್ಲಿ ನೀಡಲ್‌ವರ್ಕ್ ಕಲಿಸುತ್ತಿದ್ದ ಸಿಸ್ಟರ್ ನಾವು ಹೆಣೆದದ್ದನ್ನು ನೋಡುತ್ತಿರಲಿಲ್ಲ, ಬರೆದದ್ದನ್ನು ನೋಡುತ್ತಿದ್ದರು. ನಾನು ಬರೆದ ಕಾಗದ ಹಿಡಿದು ಪಕ್ಕದ ಬೆಂಚಿನವಳು ಹೆಣೆಯಬೇಕು. ಅವಳ ಕೈಯಲ್ಲಿ ನನ್ನ ಹೂವು ಬಂದರೆ ಮಾರ್ಕು ನನಗೆ, ಬಾರದಿದ್ದರೆ ಬೈಗುಳವೂ ನನಗೇ. ಎಷ್ಟು ಸರಪಳಿ ಕುಣಿಕೆ, ಎಷ್ಟು ಕಂಬದ ಕುಣಿಕೆ, ಯಾವ ಸುತ್ತಿನಲ್ಲಿ ಎಷ್ಟು ಹೆಚ್ಚಿಸಬೇಕು, ಎಲ್ಲವೂ ಕಾಗದದ ಮೇಲಿರಬೇಕು. ಅದೊಂದು ಬ್ಯೂಟಿಫುಲ್ ಶಿಸ್ತು. ಈಗಲೂ ಆ ಉದ್ದನೆಯ ಕೋಣೆ, ಸೀಮೆಸುಣ್ಣದ ವಾಸನೆ ನೆನಪಾದರೆ ಎದೆ ಹಗುರಾಗುತ್ತದೆ.

ಜಹೀರಾಬಾದಿನಲ್ಲಿ ಕ್ರೋಶಾ ಇಲ್ಲದ ಮನೆ ಇರಲಿಲ್ಲ. ಬಾಗಿಲಿಗೆ ತೋರಣ, ರೇಡಿಯೋಗೆ ಹೊದಿಕೆ, ಕೂಸಿಗೆ ಕುಲಾಯಿ. ಆದರೆ ಓದಿ ಹೆಣೆಯುವವರು ಅಪರೂಪ. ಒಬ್ಬಳ ಮನೆಯ ತೋರಣವನ್ನು ಇನ್ನೊಬ್ಬಳು ಕಣ್ಣಲ್ಲೇ ಬಿಚ್ಚಿ ಮನೆಗೆ ಹೋಗಿ ಹೆಣೆದುಬಿಡುತ್ತಿದ್ದಳು.

ಬೀದರ ಜಿಲ್ಲೆ ಒಡೆದು ನಾವು ಆಂಧ್ರದ ಕಡೆ ಉಳಿದ ಮೇಲೆ ನನಗೆ ಕನ್ನಡದ ಅಚ್ಚಿನಕ್ಷರ ಕಾಣುತ್ತಿದ್ದುದು ಬೀದರಿನ ಬಸ್ಸಿನಲ್ಲಿ ಬರುತ್ತಿದ್ದ ಒಂದು ಮಹಿಳಾ ಮಾಸಿಕದಲ್ಲಿ. ಅದರ ಕೊನೆಯ ಪುಟಗಳಲ್ಲಿ ಹೆಣಿಕೆಯ ನಮೂನೆಗಳು, ಪ್ರತಿಯೊಂದರ ಕೆಳಗೆ ಕಳಿಸಿದವಳ ಹೆಸರು, ಊರು. ಗಂಡನ ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಸೊಸಿ, ತಂಗಿ, ವೈನಿ, ಅಷ್ಟೇ. ಆ ಪುಟದಲ್ಲಿ ನನ್ನ ಹೆಸರು ಓದಬೇಕು, ಅದಷ್ಟೇ ನನಗೆ ಬೇಕಿತ್ತು.

ಕಳಿಸುವ ಮುಂಚೆ ಬೇರೆಯವರ ಕೈಯಲ್ಲಿ ಹೆಣೆಸಿ ನೋಡಬೇಕು, ಅದೂ ಪುಕ್ಕಟೆಯಾಗಿ. ಯಾರನ್ನು ನಂಬುವುದು? ನಾನೊಂದು ಉಪಾಯ ಮಾಡಿದೆ. ಒಂದು ಸಣ್ಣ ಹೂವಿನ ನಮೂನೆ ಬರೆದು, ಅದರಲ್ಲಿ ಬೇಕಂತಲೇ ಒಂದು ತಪ್ಪು ಸೇರಿಸಿ, ಮೂವರಿಗೆ ಕಳಿಸಿದೆ.

ಝರಾಸಂಗದ ಒಬ್ಬ ಅಜ್ಜಿ ಹೂವನ್ನೇ ಹೆಣೆದು ಕಳಿಸಿದಳು. ಪರ್ಫೆಕ್ಟ್! ತಪ್ಪನ್ನು ಅವಳ ಬೆರಳು ತಾನಾಗಿಯೇ ತಿದ್ದಿಬಿಟ್ಟಿತ್ತು. ಅವಳಿಗೆ ಗೊತ್ತೂ ಆಗಿರಲಿಲ್ಲ. ಅಂಥವಳಿಂದ ನನಗೇನು ಉಪಯೋಗ?

ನಾರಾಯಣಖೇಡದ ಮಾಸ್ತರರ ಹೆಂಡತಿಯ ಕೈ ಒರಟು, ಹೆಣಿಗೆ ಬಿಗಿ. ಅವಳು ಕಾಗದವನ್ನೇ ತಿರುಗಿ ಕಳಿಸಿದ್ದಳು. "ಮೂರನೇ ಸಾಲಿನಾಗ ಗಲತ್ ಅದರಿ. ಎರಡು ಸಲ ಬಿಚ್ಚೀನಿ. ನಂದು ತಪ್ಪೋ ನಿಮ್ಮದೋ ನೋಡಿ ಬರೀರಿ." ಓದಿ ನಾನು ಒಬ್ಬಳೇ ನಕ್ಕೆ. ನನ್ನ ಪಕ್ಕದ ಬೆಂಚಿನವಳು ಸಿಕ್ಕಿದ್ದಳು.

ಮೂರನೆಯವಳು ತಾಂಡೂರಿನ ನನ್ನ ನೆಗೆಣ್ಣಿ, ನಮ್ಮವರ ಅಣ್ಣನ ಹೆಂಡತಿ. ಅವರದು ಕಲ್ಲಿನ ಗಣಿಯ ಮನೆ, ಅಂಗಳದಿಂದ ಹಿತ್ತಿಲತನಕ ನೀಲಿ ಹಾಸುಗಲ್ಲು. ಅವಳು ಹೂವನ್ನೂ ಕಳಿಸಲಿಲ್ಲ, ತಪ್ಪನ್ನೂ ಹೇಳಲಿಲ್ಲ. "ಭಾಳ ಚಂದ ಬಂದದ ತಂಗಿ" ಎಂದು ಬರೆದಳು. ಸೂಜಿಯನ್ನೇ ಮುಟ್ಟಿಲ್ಲ ಎಂದು ಆವತ್ತೇ ತಿಳಿಯಿತು. ಆದರೂ ಹಿರಿಯಳು, "ನನಗೂ ಕೊಡು" ಎಂದು ಕೇಳುತ್ತಿದ್ದಳು, ಇಲ್ಲವೆನ್ನಲಾಗಲಿಲ್ಲ.

ನನ್ನ ಮೊದಲ ದೊಡ್ಡ ನಮೂನೆ ಜೋಳದ ತೆನೆಯ ತೋರಣ. ಮನೂರಿನ ನಮ್ಮ ಹೊಲದಲ್ಲಿ ತೆನೆ ಕೈಯಲ್ಲಿ ಹಿಡಿದು, ಕಾಳು ಎಣಿಸಿ, ಪ್ರತಿ ಕಾಳಿಗೂ ಐದು ಕಂಬ ಕೂಡಿಸಿ ಉಬ್ಬಿಸಿದ್ದೆ. ಎಂಟು ತಿಂಗಳ ಕೆಲಸ. ಇಬ್ಬರಿಗೂ ಪ್ರತಿ ಕಳಿಸಿದೆ. ನಾರಾಯಣಖೇಡದವಳು ನಾಲ್ಕು ತಪ್ಪು ಹಿಡಿದಳು. ಅವನ್ನು ತಿದ್ದಿದ ಪ್ರತಿಯನ್ನು ತಾಂಡೂರಿಗೂ ಹಾಕಿದೆ. ಮನೆಗೆಲಸದ ನಡುವೆ ಎರಡು ತಿಂಗಳು ಕಳೆದು, ಮಾಸಿಕಕ್ಕೆ ಕಳಿಸಲು ಚಂದದ ಅಕ್ಷರದಲ್ಲಿ ಬರೆಯುತ್ತಾ ಕೂತಿದ್ದೆ. ಅಷ್ಟರಲ್ಲಿ ಹೊಸ ಸಂಚಿಕೆ ಬಂತು. ಜೋಳದ ತೆನೆಯ ತೋರಣ. ನನ್ನ ಮಾತು, ನನ್ನ ಸಾಲು, ನನ್ನ ಅಲ್ಪವಿರಾಮ. ಕೆಳಗೆ ನೆಗೆಣ್ಣಿಯ ಹೆಸರು, ತಾಂಡೂರು.

ನಮ್ಮವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಹೋಗ್ಲಿ ಬಿಡು. ಮನಿ ಹೆಸರೇ ಬಂದದಲ್ಲ."

"ಮನಿ ಹೆಸರಲ್ಲರಿ, ಅಕ್ಕನ ಹೆಸರು."

"ದಾರದ ಗಂಟಿಗೆ ಅಣ್ಣ-ತಮ್ಮರ ನಡುವ ಜಗಳದ ಗಂಟು ಹಾಕಬ್ಯಾಡ" ಎಂದು ಎದ್ದು ಹೋದರು.

ನಾನು ಗಂಟು ಹಾಕಲಿಲ್ಲ. ಬಾಯಿ ಮುಚ್ಚಿಕೊಂಡು ಕಾದೆ. ಕಾನ್ವೆಂಟಿನಲ್ಲಿ ನಮಗೆ ಪೇಷನ್ಸ್ ಒಂದು ವರ್ಚ್ಯೂ ಎಂದು ಕಲಿಸಿದ್ದರು. ಯಾತಕ್ಕೆ ಬಳಸಬೇಕೆಂದು ಹೇಳಿರಲಿಲ್ಲ.

ಆರು ತಿಂಗಳಿಗೆ ತಾಂಡೂರಿನಿಂದ ಕಾಗದ ಬಂತು. ಅವಳ ಮಗಳು ಬಸುರಿ. "ಹೊಸಾ ನಮೂನಾ ಏನಾದ್ರೂ ಇದ್ರ ಕಳಸ ತಂಗಿ." ತೋರಣದ ಬಗ್ಗೆ ಒಂದಕ್ಷರ ಇಲ್ಲ. ಶೇಮ್‌ಲೆಸ್! ನಾನು ಕೂತು ಕೂಸಿನ ಕುಲಾಯಿಯ ನಮೂನೆ ಬರೆದೆ. ನೆತ್ತಿಯಿಂದ ಶುರು. ಹನ್ನೆರಡು ಕಂಬ, ಆಮೇಲೆ ಇಪ್ಪತ್ನಾಲ್ಕು, ಮೂವತ್ತಾರು, ನಲವತ್ತೆಂಟು. ಅಲ್ಲಿಗೆ ನೆತ್ತಿ ಮುಗಿಯಿತು. ಐದನೇ ಸುತ್ತಿನಿಂದ ಹೆಚ್ಚಿಸದೆ ಒಂದರ ಮೇಲೊಂದು ಕಂಬ ಹಾಕುತ್ತ ಹೋದರೆ ಕುಲಾಯಿ ಕೆಳಗಿಳಿದು ಕಿವಿ ಮುಚ್ಚುತ್ತದೆ. ನಾರಾಯಣಖೇಡಕ್ಕೆ ಹಾಗೆಯೇ ಬರೆದು ಕಳಿಸಿದೆ. ತಾಂಡೂರಿಗೆ ಬರೆದದ್ದು ಬೇರೆ: ಐದನೇ ಸುತ್ತಿನಲ್ಲಿ ಪ್ರತಿ ಕಂಬದಲ್ಲೂ ಎರಡೆರಡು ಕಂಬ, ಆರರಲ್ಲೂ ಹಾಗೆಯೇ.

ಅವಳು ಹೆಣೆದು ನೋಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಮಾಸಿಕದವರು ಹೆಣೆದ ತುಂಡು ಕೇಳುವುದಿಲ್ಲ, ಅದೂ ಗೊತ್ತಿತ್ತು. ಇನ್ನೂ ಒಂದು ಗೊತ್ತಿತ್ತು. ನಮ್ಮ ಕಡೆಯ ಹೆಂಗಸರು ಕೈಬರಹದ ತಪ್ಪನ್ನು ಕಣ್ಣಳತೆಯಲ್ಲೇ ತಿದ್ದಿಕೊಳ್ಳುತ್ತಾರೆ. ಅಚ್ಚಿನಲ್ಲಿ ಬಂದದ್ದನ್ನು ಮಾತ್ರ ತಿದ್ದುವುದಿಲ್ಲ. ಅಚ್ಚಿನ ಮುಂದೆ ಅವರು ತಮ್ಮ ಬೆರಳನ್ನೇ ನಂಬುವುದಿಲ್ಲ.

ಎರಡು ತಿಂಗಳಿಗೆ ಕುಲಾಯಿ ಅಚ್ಚಾಯಿತು. ನೆಗೆಣ್ಣಿಯ ಹೆಸರಿನಲ್ಲಿ, ಎರಡೆರಡು ಕಂಬದ ಸಮೇತ. ಆ ಪುಟವನ್ನು ನಾನು ಎಷ್ಟು ಸಲ ಓದಿದೆನೋ! ಹಬ್ಬದ ಊಟ ಕೂಡ ನನಗೆ ಅಷ್ಟು ರುಚಿಸಿರಲಿಲ್ಲ.

ತೊಟ್ಟಿಲಿಗೆ ಹಾಕುವ ದಿನ ತಾಂಡೂರಿಗೆ ಹೋದೆವು. ಗಂಡು ಕೂಸು. ನೆಗೆಣ್ಣಿಯ ಓಣಿಯವರೂ ಬೀಗರ ಕಡೆಯವರೂ, ಐದು ಹೆಂಗಸರು, ಅವಳಿಗೆ ಸಂತೋಷವಾಗಲೆಂದು ಅವಳದೇ ಅಚ್ಚಾದ ನಮೂನೆ ನೋಡಿ ಐದು ಕುಲಾಯಿ ಹೆಣೆದು ತಂದಿದ್ದರು. ತಟ್ಟೆಯಲ್ಲಿ ಸಾಲಾಗಿ ಇಟ್ಟರು. ಬಿಳಿ, ಗುಲಾಬಿ, ಹಸಿರು, ಐದೂ ಎಣ್ಣೆಯಲ್ಲಿ ಬಿದ್ದ ಹಪ್ಪಳದ ಹಾಗೆ ಅಂಚೆಲ್ಲ ಮುರುಟಿ ಎದ್ದು ನಿಂತಿದ್ದವು. ಒಂದನ್ನು ಕೂಸಿನ ತಲೆಯ ಮೇಲೆ ಇಟ್ಟರೆ ಕಿವಿ ಹೊರಗೆ, ಹಣೆ ಹೊರಗೆ, ಮೇಲೆ ಒಂದು ಗೋಬಿ ಹೂವು.

"ನಮ್ಮ ಕೈಯೇ ಸರಿ ಇಲ್ಲ ಕಾಣಸ್ತದ" ಎಂದಳು ಒಬ್ಬಳು ನಾಚಿಕೊಂಡು.

"ಐದೂ ಮಂದಿ ಕೈ ಹ್ಯಾಂಗ ಕೆಡತದ? ಅಕ್ಕಾರ, ನೀವೇ ಒಂದೀಟು ಹಾಕಿ ತೋರಸ್ರಿ" ಎಂದಳು ಇನ್ನೊಬ್ಬಳು. ಸೂಜಿ, ದಾರ ನೆಗೆಣ್ಣಿಯ ಮಡಿಲಿಗೆ ಬಂದವು.

ಅವಳು ಸೂಜಿ ಹಿಡಿದ ರೀತಿ ನೋಡಿದೆ, ಸೌಟು ಹಿಡಿದ ಹಾಗೆ. ಒಮ್ಮೆ ನನ್ನ ಕಡೆ ಕಣ್ಣೆತ್ತಿದಳು. ನಾನು ಎಲೆಗೆ ಸುಣ್ಣ ಹಚ್ಚುತ್ತಿದ್ದೆ. "ಇದು ಅವಳದು" ಎಂದು ಒಂದು ಮಾತು ಹೇಳಿದ್ದರೆ ಎದ್ದು ಹೋಗಿ ಸೂಜಿ ತೆಗೆದುಕೊಳ್ಳುತ್ತಿದ್ದೆ. ಆ ಒಂದು ಮಾತಿಗಾಗಿಯೇ ಅಲ್ಲಿ ಕೂತಿದ್ದೆ.

ಅವಳು ನಕ್ಕುಬಿಟ್ಟಳು. "ಯವ್ವಾ, ನೀವೇನು ಹಳ್ಳಿ ಮಂದಿಗತೆ! ಇದು ಹೀಂಗೇ ಇರತದ. ಬೊಂಬಾಯಿ ಫ್ಯಾಶನ್. ಕಿವಿಗಿ ಗಾಳಿ ಆಡಬೇಕಂತ!"

ಅವರೆಲ್ಲ ನಂಬಿದರು! "ಹೌದೇನ್ರಿ" ಎಂದು ಐವರೂ ತಲೆಯಾಡಿಸಿದರು. ಅವಳ ಮಡಿಲಿನಿಂದ ಸೂಜಿ ಕಿತ್ತುಕೊಂಡೆ. ನೆತ್ತಿಯಿಂದ ಹೆಣೆದೆ. ನಾಮಕರಣದ ಹಾಡು, ಊಟ ಎಲ್ಲ ಮುಗಿಯುವುದರೊಳಗೆ ಕುಲಾಯಿ ಸಿದ್ಧವಾಯಿತು. ಕೂಸಿಗೆ ತೊಡಿಸಿದೆ. ಕಿವಿ ಮುಚ್ಚಿ, ಗಲ್ಲದವರೆಗೆ ಇಳಿಯಿತು.

"ಇದ್ಯಾಂಗ ಬಂತ್ರಿ?" ಎಂದಳು ಸೂಜಿ ಕೊಟ್ಟವಳು.

"ನಮೂನಾ ನಂದು. ತೋರಣನೂ ನಂದೇ. ಐದನೇ ಸುತ್ತು ಗಲತ್ ಅದ. ಅಕ್ಕ ಕದ್ದು ಅಚ್ಚಿಗಿ ಕಳಸ್ತಾಳಂತ ನಾನೇ ಗಲತ್ ಬರದು ಕೊಟ್ಟಿದ್ದೆ."

ನೆಗೆಣ್ಣಿಯ ಮುಖ ಸುಣ್ಣದಂತಾಯಿತು. ಆಹಾ, ಆ ಮುಖ! ಇವತ್ತಿಗೂ ನಿದ್ದೆ ಬಾರದಿದ್ದರೆ ಅದನ್ನೇ ನೆನೆಯುತ್ತೇನೆ.

ಆದರೆ ಹಸಿರು ಕುಲಾಯಿ ತಂದಿದ್ದ ಮುದುಕಿ ನನ್ನ ಕಡೆಗೇ ತಿರುಗಿದಳು. "ಆಕಿ ಕದ್ದಳವ್ವ, ಖರೆ. ನನ್ನ ಕಣ್ಣು ಸರಿ ಕಾಣಾಂಗಿಲ್ಲ. ಒಂದು ವಾರ ಬಿಸಿಲಿನಾಗ ಕುಂತು ಹಾಕೀನಿ. ನಾ ನಿಂದೇನು ಕದ್ದಿದ್ದೆ?"



ಸುದ್ದಿ ನಾರಾಯಣಖೇಡಕ್ಕೂ ಹೋಯಿತು. ಮಾಸ್ತರರ ಹೆಂಡತಿ ಬರೆದಳು: "ನಿಮ್ಮ ಸಿಟ್ಟು ನ್ಯಾಯದ್ದೇ ಅದರಿ. ಆದ್ರ ಮೊದಲ ಹೂವಿನಾಗಿನ ತಪ್ಪೂ ನೀವು ಬೇಕಂತ ಹಾಕಿದ್ದೇ ಅಂತ ಈಗ ತಿಳೀತು. ಇನ್ನ ಮ್ಯಾಲ ನಿಮ್ಮ ಕಾಗದದಾಗ ತಪ್ಪು ಕಂಡ್ರ ಅದು ಖರೇ ತಪ್ಪೋ, ಪರೀಕ್ಷಾನೋ, ಹಗೀನೋ ನಾ ಹ್ಯಾಂಗ ತಿಳೀಬೇಕು? ನನ್ನ ಬಿಟ್ಟುಬಿಡ್ರಿ." ಆಮೇಲೆ ಕಳಿಸಿದ ಮೇಜಿನ ಹಾಸಿನ ನಮೂನೆ ಲಕೋಟೆ ಒಡೆಯದೆ ತಿರುಗಿ ಬಂತು.

ಛಲ ಬಿಡಲಿಲ್ಲ ನಾನು. ಯಾರ ಕೈಯಲ್ಲೂ ಹೆಣೆಸಿ ನೋಡದೆ ಅದನ್ನೇ ಮಾಸಿಕಕ್ಕೆ ಹಾಕಿದೆ. ಅಚ್ಚಾಯಿತು. ಕೊನೆಗೂ ನನ್ನ ಹೆಸರು, ಜಹೀರಾಬಾದು. ಬೆರಳಿನಿಂದ ಸವರಿ ನೋಡಿದೆ. ಆಮೇಲೆ ಮೇಲಿನಿಂದ ಓದುತ್ತ ಬಂದೆ. ಒಂಬತ್ತನೇ ಸಾಲಿನಲ್ಲಿ ಆರು ಸರಪಳಿ ಬಿಟ್ಟುಹೋಗಿದ್ದವು. ಅಚ್ಚಿನವರ ತಪ್ಪಲ್ಲ. ನನ್ನ ಪ್ರತಿಯಲ್ಲೂ ಇರಲಿಲ್ಲ. ತಲೆಯಲ್ಲಿತ್ತು, ಕಾಗದಕ್ಕೆ ಇಳಿದಿರಲಿಲ್ಲ. ನಾರಾಯಣಖೇಡದವಳು ಒಂದೇ ದಿನದಲ್ಲಿ ಹಿಡಿಯುತ್ತಿದ್ದಳು.

ಅದನ್ನು ನೋಡಿ ಹೆಣೆದವರ ಹಾಸೆಲ್ಲ ಸೊಟ್ಟಗಾಗಿದ್ದವು. ಮುಂದಿನ ಮದುವೆಯೊಂದರಲ್ಲಿ ನೆಗೆಣ್ಣಿ ಹತ್ತು ಜನರ ನಡುವೆ ಕೇಳಿದಳು, "ಒಂಬತ್ತನೇ ಸಾಲು ಯಾರ ಮ್ಯಾಲಿನ ಹಗಿಗಿ ತಂಗಿ?"

ಎಲ್ಲರೂ ನಕ್ಕರು. ಅದು ನಿಜವಾದ ತಪ್ಪು ಎಂದು ನಾನು ಹೇಳಿದೆ. ಒಬ್ಬರೂ ನಂಬಲಿಲ್ಲ.