ಮೈಲವ್ವನ ಎಡಗೈ ಊಟ

ಹಾವೇರಿ ಕೋರ್ಟಿನ ಎದುರು ಬೇವಿನ ಮರದ ಕೆಳಗೆ ಚಾಪೆ ಹಾಸಿ ಕುಳಿತು ಇಪ್ಪತ್ತು ವರ್ಷ ಊರವರ ಅರ್ಜಿ, ಕಾಗದಪತ್ರ ಬರೆದವನು ನಾನು, ಸಿದ್ದಲಿಂಗಪ್ಪ. ನನ್ನ ಬಾಯಿ ಸ್ವಲ್ಪ ಜೋರು. ಕಣ್ಣೆದುರು ಯಾರಾದರೂ ಅಡ್ಡಾದಿಡ್ಡಿ ನಡೆದುಕೊಂಡರೆ ಸುಮ್ಮನಿರಲು ಆಗುವುದಿಲ್ಲ. ೧೯೪೩ರ ಬೇಸಿಗೆಯ ಒಂದು ಮಧ್ಯಾಹ್ನ, ಅದೇ ಮರದ ಕೆಳಗೆ ಹೆಂಗಸೊಬ್ಬಳು ಎಡಗೈಯಲ್ಲಿ ರೊಟ್ಟಿ ಮುರಿದು ತಿನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು.

“ಏನಬೇ, ಬಲಗೈ ನೆಟ್ಟಗ ಐತೆಲ್ಲ! ಉಣ್ಣೂ ಅನ್ನಕ್ಕ ಮರ್ಯಾದಿ ಬ್ಯಾಡೇನು?” ಎಂದು ಗದರಿದೆ.

“ಹರಕಿ ಐತ್ರಿ ಯಪ್ಪಾ,” ಎಂದಳು. “ಇದರ ಬಲಗೈ ಏಳೂತನಕ ನನ್ನ ಬಲಗೈ ಬಾಯಿಗೆ ಬರಬಾರದು ಅಂತ.”

ಆಗ ಪಕ್ಕದಲ್ಲಿದ್ದ ಮಗಳನ್ನು ನೋಡಿದೆ. ಏಳು ವರ್ಷದವಳಿರಬೇಕು. ಬಲತೋಳು ಭುಜದಿಂದ ಕೆಳಗೆ ಜೋತುಬಿದ್ದಿತ್ತು, ಅಂಗೈ ಹಿಂದಕ್ಕೆ ತಿರುಗಿತ್ತು. ಅದೂ ಎಡಗೈಯಲ್ಲೇ ತಿನ್ನುತ್ತಿತ್ತು.

ತಾಯಿಯ ಹೆಸರು ಮೈಲವ್ವ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸ. ಗಂಡ ಗುಡದಪ್ಪ ಚಳಿಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಚೊಚ್ಚಲ ಹೆರಿಗೆ ಕಷ್ಟವಾದಾಗ ಅವಳನ್ನು ರಾಣೆಬೆನ್ನೂರಿನ ಒಬ್ಬ ಖಾಸಗಿ ಡಾಕ್ಟರರ ದವಾಖಾನೆಗೆ ಒಯ್ದಿದ್ದರು. ಕೂಸು ಬದುಕಿತು, ಕೈ ಮಾತ್ರ ಏಳಲಿಲ್ಲ. ಅದು ತನ್ನ ತಪ್ಪಿನಿಂದಲೇ ಆದದ್ದೆಂದು ಮೈಲವ್ವ ಏಳು ವರ್ಷ ನಂಬಿಕೊಂಡಿದ್ದಳು. ಆದರೆ ಹಿಂದಿನ ವಾರ ಬ್ಯಾಡಗಿ ಸಂತೆಯಲ್ಲಿ ಮಹಮೂದಾಬೇಗಂ ಎಂಬಾಕೆ ಅವಳ ಗುರುತು ಹಿಡಿದಳು. ಹೆರಿಗೆಯ ಹೊತ್ತಿಗೆ ಆ ದವಾಖಾನೆಯಲ್ಲಿ ಸೂಲಗಿತ್ತಿಯಾಗಿದ್ದವಳು.

“ಕೂಸಿನ ಭುಜ ಒಳಗ ಸಿಕ್ಕಿತ್ತಂತ್ರಿ. ಡಾಕ್ಟರ್ ಸಾಹೇಬ್ರಿಗೆ ರೈಲಿನ ಅವಸರ. ತಲಿ ಹಿಡದು ಜಗ್ಗಿಬಿಟ್ರಂತ. ‘ನಾ ಕಣ್ಣಾರೆ ನೋಡೇನಿ, ಬೇಕಾದ್ರ ಕೋರ್ಟಿನಾಗೂ ಹೇಳ್ತೇನಿ, ತಂದಿ-ತಾಯಿಗೆ ಏನರ ಹಕ್ಕು ಐತೇನು ಹೋಗಿ ಕೇಳು,’ ಅಂದ್ಳು.” ಮೈಲವ್ವ ಮಗಳನ್ನು ಹತ್ತಿರ ಎಳೆದುಕೊಂಡಳು. “ಆದ್ರ ಯಪ್ಪಾ, ಸರಕಾರ ಮೊದಲೇ ತೀರ್ಪು ಕೊಟ್ಟೈತಿ, ನಂದ ತಪ್ಪು ಅಂತ. ಅದರ ಮುಂದ ಏನರ ನಡೀತೈತೇನು?”

“ಯಾವ ತೀರ್ಪು?”

ಅವಳು ಸೆರಗಿನ ಗಂಟು ಬಿಚ್ಚಿ, ಮಡಿಕೆಯಲ್ಲೆಲ್ಲ ಸವೆದ ಒಂದು ಛಾಪಾ ಕಾಗದವನ್ನು ನನ್ನ ಕೈಗಿಟ್ಟಳು. ಮೇಲೆ ರಾಜನ ತಲೆ, ಕೆಳಗೆ ಎರಡು ಹೆಬ್ಬೆಟ್ಟು. ತೀರ್ಪೂ ಅಲ್ಲ, ಮಣ್ಣೂ ಅಲ್ಲ. ಗಂಡ ಹೆಂಡತಿ ಡಾಕ್ಟರರಿಗೆ ಬರೆದುಕೊಟ್ಟ ಹೇಳಿಕೆಯ ನಕಲು ಅದು. “ಗ್ರಹಣದ ಹೊತ್ತಿನಲ್ಲಿ ನಾನು ಮೆಣಸಿನಕಾಯಿಯ ತುಂಬು ಮುರಿದ ಕಾರಣ ಕೂಸಿನ ಕೈಗೆ ದೋಷ ಬಂದಿದೆ. ಇದಕ್ಕೆ ನಾನೇ ಹೊಣೆ. ಡಾಕ್ಟರರ ಮೇಲೆ ನಮ್ಮದು ಯಾವ ತಕರಾರೂ ಇಲ್ಲ.”

ಕನ್ನಡಕ ಒರೆಸಿ ಮತ್ತೆ ನೋಡಿದೆ. ಅಕ್ಷರ ನನ್ನವು.

ಎಲ್ಲ ನೆನಪಾಯಿತು. ಗುಡದಪ್ಪನನ್ನು ಕರೆದುಕೊಂಡು ದವಾಖಾನೆಯ ಕಂಪೌಂಡರ್ ಬಂದಿದ್ದ. ತಕರಾರಿಲ್ಲ ಎಂದಷ್ಟೇ ಬರೆಯಿರಿ ಎಂದಿದ್ದ. ನನಗೋ ನನ್ನ ಬರವಣಿಗೆಯ ಮೇಲೆ ಭಾರೀ ಅಭಿಮಾನ. ಕಾರಣ ಬರೆಯದ ಕಾಗದಕ್ಕೆ ಬಲವಿಲ್ಲ ಎಂದು ದೊಡ್ಡಸ್ತಿಕೆ ತೋರಿಸಿ, ಚೀಲದಲ್ಲಿದ್ದ ಪಂಚಾಂಗ ತಿರುವಿದೆ. ಗುಡದಪ್ಪನ ಹೆಂಡತಿ ಬಸುರಿಯಿದ್ದಾಗ, ಬನದ ಹುಣ್ಣಿಮೆಗೆ ಚಂದ್ರಗ್ರಹಣವಿತ್ತು. “ನಿನ್ನ ಹೆಂಡತಿ ಆವಾಗ ಕೆಲಸಕ್ಕ ಹೊಕ್ಕಿದ್ದಳೇನು?” ಎಂದು ಕೇಳಿದೆ. “ದಿನಾ ತುಂಬು ಬಿಡಸಾಕ ಹೊಕ್ಕಿದ್ಳರಿ,” ಎಂದ ಗುಡದಪ್ಪ. ಅಷ್ಟೇ ಸಾಕಾಯಿತು. ಆ ಸಾಲನ್ನು ಯಾರೂ ಹೇಳಿರಲಿಲ್ಲ. ನಾನೇ ಹುಟ್ಟಿಸಿ ಬರೆದೆ, ಆಮೇಲೆ ಮರೆತೂಬಿಟ್ಟೆ.

ಅವಳಿಗೆ ಹೇಳದೆ ಇರಲಾಗಲಿಲ್ಲ. “ಯವ್ವಾ, ಇದು ಸರಕಾರ ಬರದದ್ದಲ್ಲ. ನಾ ಬರದದ್ದು. ಗ್ರಹಣದ ಮಾತು ನಂದ, ಮನಸ್ಸಿಗೆ ಬಂದಂಗ ಬರದೇನಿ.”

ಮೈಲವ್ವ ನನ್ನ ಮುಖವನ್ನೇ ನೋಡಿದಳು. ಉಗಿಯುತ್ತಾಳೆ ಎಂದುಕೊಂಡೆ. ಉಗಿದಿದ್ದರೆ ಚೆನ್ನಾಗಿತ್ತು.

“ಆ ರಾತ್ರಿ ನಮ್ಮತ್ತಿ ನನಗ ಕೌದಿ ಹೊಚ್ಚಿ ಮಲಗಿಸಿದ್ಳರಿ,” ಎಂದಳು ಮೆಲ್ಲಗೆ. “ಹೊರಗ ಕಾಲ ಇಟ್ಟಿದ್ದಿಲ್ಲ. ನನಗ ಚಂದಾಗಿ ನೆನಪಿತ್ತು. ಆದ್ರ ಕಂಪೌಂಡರ್ ಕಾಗದ ಓದಿ ಹೇಳಿದಾಗ, ರಾಜನ ತಲಿ ಇರೂ ಕಾಗದ ಸುಳ್ಳು ಹೇಳತೈತೇನು, ನನಗ ಮರತಿರಬೇಕು ಅಂದಕೊಂಡೆ.”

ನಡುರಾತ್ರಿಯ ಗ್ರಹಣದಲ್ಲಿ ಯಾರಾದರೂ ತುಂಬು ಬಿಡಿಸುತ್ತಾರೆಯೇ? ಬರೆಯುವಾಗ ಅಷ್ಟನ್ನೂ ನಾನು ಯೋಚಿಸಿರಲಿಲ್ಲ. ಅವಳಾದರೋ ತನ್ನ ನೆನಪನ್ನೇ ಸುಳ್ಳೆಂದುಕೊಂಡು ಏಳು ವರ್ಷ ಊರವರ ನಗೆಗೆ ಈಡಾಗಿ ಎಡಗೈಯಲ್ಲಿ ಉಂಡಿದ್ದಳು.

ಚಾಪೆ ಸುತ್ತಿಟ್ಟು ಅವಳನ್ನು ಪ್ರಭಾಕರರಾವ್ ವಕೀಲರ ಮನೆಗೆ ಕರೆದೊಯ್ದೆ. ಅವರು ಕಾಗದ ಓದಿದರು, ಕೂಸಿನ ಕೈ ಎತ್ತಿ ನೋಡಿದರು.

“ತಂದಿ-ತಾಯಿ ತಮ್ಮ ಹೆಸರಿಲೆ ದಾವಾ ಹಾಕಬೇಕಾಗಿದ್ರ ಅದಕ್ಕ ಒಂದು ವರ್ಷದ ಮುದತು ಇತ್ತು. ಅದು ಎಂದೋ ಮುಗದದ,” ಎಂದರು. “ಆದ್ರ ನೋವಾಗಿದ್ದು ಕೂಸಿಗೆ. ಅದರ ಹಕ್ಕು ಅದು ವಯಸ್ಸಿಗೆ ಬರೋತನಕ ಸಾಯೂದಿಲ್ಲ. ಕೂಸಿನ ಪರವಾಗಿ ನೀ ನಿಂದರಬಹುದು, ಮೈಲವ್ವ. ಬೇಗಂ ಸಾಕ್ಷಿ ಹೇಳಲಿ. ಆದ್ರ ಎದುರಿನವರು ಈ ಕಾಗದ ಹಿಡಕೊಂಡ ಬರ್ತಾರ. ಇದು ಸುಳ್ಳು ಅಂತ ಬರದಾಂವನ ಬಂದು ಹೇಳಬೇಕು.” ಆಮೇಲೆ ನನ್ನ ಕಡೆ ತಿರುಗಿದರು. “ಈ ಅಕ್ಷರ ನನಗ ಗೊತ್ತದ, ಸಿದ್ದಲಿಂಗಪ್ಪ. ಹೇಳ್ತೀಯೇನು?”

ಹೇಳಿದರೆ ನನ್ನ ಚಾಪೆಯ ಹತ್ತಿರ ಇನ್ನು ಯಾರೂ ಸುಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಭಯವೂ ಆಯಿತು, ಸುಳ್ಳೇಕೆ ಹೇಳಲಿ. ಆದರೆ ಮೈಲವ್ವ ನನ್ನನ್ನು ಬೇಡಿಕೊಳ್ಳಲೂ ಇಲ್ಲ, ನನ್ನ ಕಡೆ ನೋಡಲೂ ಇಲ್ಲ. “ಹೇಳ್ತೇನ್ರಿ,” ಎಂದೆ.

ದಾವೆ ಹದಿನಾಲ್ಕು ತಿಂಗಳು ನಡೆಯಿತು. ಬೇಗಂ ಎಳ್ಳಷ್ಟೂ ಅಳುಕದೆ ಕಂಡದ್ದನ್ನು ಹೇಳಿದಳು. ನಾನು ಕಟಕಟೆಯಲ್ಲಿ ನಿಂತು, ಆ ಸಾಲು ನನ್ನದೇ ಸೃಷ್ಟಿ ಎಂದೆ. ಎದುರು ವಕೀಲರು ಇನ್ನೆಷ್ಟು ಸುಳ್ಳು ಬರೆದಿದ್ದೀರಿ ಎಂದು ಕೇಳಿದಾಗ ಕೋರ್ಟಿಗೆ ಕೋರ್ಟೇ ನಕ್ಕಿತು. ಉತ್ತರ ನನಗೂ ಗೊತ್ತಿರಲಿಲ್ಲ.

ಡಿಕ್ರಿ ಕೂಸಿನ ಕಡೆಗಾಯಿತು. ಮೈಲವ್ವ ಎಷ್ಟು ಸಿಕ್ಕಿತೆಂದು ಕೇಳಲಿಲ್ಲ. ತೀರ್ಪಿನಲ್ಲಿ ತನ್ನ ಬಗ್ಗೆ ಏನಿದೆ ಎಂದಳು. “ತಾಯಿಯ ಕಡೆಯಿಂದ ಯಾವ ತಪ್ಪೂ ನಡೆದಿಲ್ಲ,” ಎಂದು ವಕೀಲರು ಕನ್ನಡದಲ್ಲಿ ಹೇಳಿದರು. ಅದನ್ನೇ ಮೂರು ಸಲ ಹೇಳಿಸಿಕೊಂಡಳು. “ಇದನ್ನ ಯಾರೂ ಮನಸ್ಸಿಗೆ ಬಂದಂಗ ಬರದಿಲ್ಲಲ್ರಿ?” ಎಂದು ಕೇಳಿದಳು.

ಆಮೇಲೆ ಬೇವಿನ ಮರದ ಕೆಳಗೆ ತಾಯಿ ಮಗಳು ಬುತ್ತಿ ಬಿಚ್ಚಿದರು. ಮೈಲವ್ವ ಮತ್ತೆ ಎಡಗೈಯಲ್ಲೇ ರೊಟ್ಟಿ ಮುರಿದಳು.

“ಇನ್ನ ಹರಕಿ ಯಾಕಬೇ? ನಿಂದೇನೂ ತಪ್ಪಿಲ್ಲಲ್ಲ,” ಎಂದೆ.

“ಹರಕಿ ಬಿಟ್ಟೇನ್ರಿ,” ಎಂದಳು. “ಆದ್ರ ನಾ ಬಲಗೈಲೆ ಉಂಡ್ರ, ಎಡಗೈಲೆ ಉಣ್ಣಾಕಿ ಇದೊಂದ ಆಗತೈತಿ.”

ಹೀಗೆಂದು ನನಗೂ ಒಂದು ರೊಟ್ಟಿ ನೀಡಿದಳು. ತೆಗೆದುಕೊಳ್ಳಲು ಬಲಗೈ ಚಾಚಿದೆ. ಆ ಕಾಗದ ಬರೆದದ್ದೂ ಅದೇ ಕೈ.