ಅಣ್ಣನ ಸೈಕಲ್ಲಿನ ಗಿಡ್ಡ ಫೋರ್ಕ್

ಅಣ್ಣನ ಮನೆ ಹೂಲಿಯಲ್ಲಿತ್ತು. ಹೊಲಿಗೆಯ ಅಂಗಡಿ ಸವದತ್ತಿಯ ಪೇಟೆಯಲ್ಲಿತ್ತು. ನಿತ್ಯ ಬೆಳಗ್ಗೆ ಸೈಕಲ್ಲಿನ ಮೇಲೆ ಹೋಗಿ, ಹೊತ್ತು ಮುಳುಗುವ ಮುನ್ನ ಸೈಕಲ್ಲಿನ ಮೇಲೆಯೇ ಮರಳುತ್ತಿದ್ದ. ತೊಂಬತ್ತರ ದಶಕದ ಆರಂಭದಲ್ಲಿ ಕೊಂಡ ಆ ಕರಿಯ ಸೈಕಲ್ ಇಡಿಯಾಗಿ ಬಂದುದಲ್ಲ. ಚೌಕಟ್ಟು, ಗಾಲಿ, ಹ್ಯಾಂಡಲ್, ಮುಂಗಾಲಿಯನ್ನು ಹಿಡಿಯುವ ಕವಲಾದ ಫೋರ್ಕ್, ಎಲ್ಲವನ್ನೂ ಬಿಡಿಬಿಡಿಯಾಗಿ ತಂದು ನಂಬಿಕೆಯ ಮಿಸ್ತ್ರಿಯ ಮುಂದೆ ಇಡುವುದು ಆಗಿನ ರೂಢಿ. ಅವನು ಒಂದು ಹಗಲು ಕುಳಿತು ಜೋಡಿಸುತ್ತಿದ್ದ. ಕುಂಕುಮ ಹಚ್ಚಿ ಕಾಯಿ ಒಡೆದ ಮೇಲೆ ಮೊದಲ ಸುತ್ತನ್ನೂ ಅವನೇ ಹೊಡೆಯುತ್ತಿದ್ದ. ಮುಂದೆ ಆ ಸೈಕಲ್ಲಿಗೆ ಬೇರೊಬ್ಬ ಮಿಸ್ತ್ರಿ ನಟ್ಟು ಬಿಗಿಯುವ ಪಾನಾ ತಾಗಿಸುವುದು ಮರ್ಯಾದೆಯಲ್ಲವೆಂದು ಕೊಂಡವನೂ ಜೋಡಿಸಿದವನೂ ತಿಳಿದಿರುತ್ತಿದ್ದರು.

ಅಣ್ಣನ ಮಿಸ್ತ್ರಿಯ ಅಂಗಡಿ ಎದುರು ಸಾಲಿನಲ್ಲಿಯೇ ಇತ್ತು. ಇಬ್ಬರೂ ಒಂದೇ ವಯಸ್ಸಿನವರು. ದಿನಕ್ಕೆ ಎರಡು ಬಾರಿ ಒಂದು ಕಪ್ ಚಹಾವನ್ನು ಎರಡು ಬಸಿಗಳಿಗೆ ಸುರಿದು ಹಂಚಿಕೊಳ್ಳುತ್ತಿದ್ದರು.

"ನೀ ಹೊಲಿದ ಅಂಗಿ ಹಾಕ್ಕೊಂಡ್ರ ಹೊಟ್ಟಿ ಹೊರಗ ಬರತೈತಲೇ" ಎಂದು ಮಿಸ್ತ್ರಿ ಕೆಣಕುತ್ತಿದ್ದ.

"ಅಂಗಿ ಅಳತೀಗೇ ಐತಿ. ಹಿಗ್ಗಿದಾಂವ ನೀ" ಎಂದು ಅಣ್ಣ ಸೂಜಿಯಿಂದ ಕಣ್ಣೆತ್ತದೆ ಹೇಳುತ್ತಿದ್ದ.

ಕೆಲವು ವರ್ಷಗಳ ನಂತರ ನನಗೆ ಬೈಲಹೊಂಗಲ ತಾಲೂಕಿನ, ಕಿತ್ತೂರಿಗೆ ಸಮೀಪದ ಒಂದು ಹಳ್ಳಿಯಲ್ಲಿ ಶಿಕ್ಷಕನ ನೌಕರಿ ಸಿಕ್ಕಿತು. ಬಸ್ಸು ನಿಲ್ಲುವಲ್ಲಿಂದ ಶಾಲೆ ದೂರವಿತ್ತು. "ಇದನ್ನ ಒಯ್ಯಿ. ನಾ ಮೂರ ತಿಂಗಳ ಬಸ್ಸಿನ್ಯಾಗ ಅಡ್ಡಾಡತೇನಿ" ಎಂದು ಅಣ್ಣ ತಾನೇ ಸೈಕಲ್ಲನ್ನು ಬಸ್ಸಿನ ಮೇಲೆ ಹೇರಿಸಿಕೊಟ್ಟ.

ಎರಡನೆಯ ತಿಂಗಳು, ಒಂದು ಇಳುಕಲಿನಲ್ಲಿ, ಜೋಳದ ಕಣಿಕೆ ಹೇರಿ ನಿಲ್ಲಿಸಿದ್ದ ಚಕ್ಕಡಿಗೆ ಹೋಗಿ ಗುದ್ದಿದೆ. ನನಗೆ ಮೊಣಕಾಲು ತರಚಿತು. ಸೈಕಲ್ಲಿನ ಫೋರ್ಕ್ ಒಳಕ್ಕೆ ಮಡಚಿತು. ಕಿತ್ತೂರಿನ ಅಂಗಡಿಯೊಂದಕ್ಕೆ ಹೊತ್ತು ಒಯ್ದೆ. ಅಲ್ಲಿ ಆ ಅಳತೆಯ ಫೋರ್ಕ್ ಇರಲಿಲ್ಲ. ಇದ್ದ ಒಂದರ ಕುತ್ತಿಗೆಯ ಕೊಳವೆ ಒಂದು ಬೆರಳಿನಷ್ಟು ಗಿಡ್ಡದಾಗಿತ್ತು. ಆ ಮಿಸ್ತ್ರಿ ದೀಪ ಸಿಕ್ಕಿಸುವ ಪಟ್ಟಿಯನ್ನೂ ಅದರ ವಾಷರನ್ನೂ ತೆಗೆದು ಜಾಗ ಮಾಡಿ, ಹೇಗೋ ಮೇಲಿನ ನಟ್ಟನ್ನು ಕೂಡಿಸಿದ.

"ನಟ್ ಎರಡ ಸುತ್ತಿನ ಮ್ಯಾಲ ನಿಂತೈತ್ರಿ ಮಾಸ್ತರ್ರ. ಇದ್ದಂಗ ಹೊಡೀರಿ, ಏನಾಗಂಗಿಲ್ಲ. ಆದ್ರ ಹ್ಯಾಂಡಲ್ ಎಂದೂ ಏರಸಬ್ಯಾಡ್ರಿ. ಮ್ಯಾಲಿಂದ ನೋಡಿದ್ರ ಗೆರಿ ಸರಿ ಕಾಣತೈತಿ, ಒಳಗ ಹಿಡತ ಇರಂಗಿಲ್ಲ."

ಗೆರೆಯೆಂದರೆ ಹ್ಯಾಂಡಲಿನ ಕಾಂಡದ ಮೇಲೆ ಕೊರೆದ ಎಲ್ಲೆ. ಅದು ನಟ್ಟಿನೊಳಗೆ ಮುಳುಗಿರುವವರೆಗೆ ಏರಿಸಬಹುದು ಎಂಬುದು ನಿಯಮ. ಕೊಳವೆಯೇ ನಟ್ಟಿನ ತುದಿಯನ್ನು ಮುಟ್ಟದಿದ್ದಾಗ ಆ ನಿಯಮ ಸುಳ್ಳಾಗುತ್ತದೆ. ಅವನು ಹೇಳಿದ್ದು ನನಗೆ ಸ್ಪಷ್ಟವಾಗಿ ಅರ್ಥವಾಗಿತ್ತು.

ಸೈಕಲ್ ಮರಳಿಸುವಾಗ ಫೋರ್ಕಿನ ಹೊಸ ಬಣ್ಣ ಕಾಣದಂತೆ ಅದರ ಮೇಲೆ ಎಣ್ಣೆ, ಧೂಳು ಬಳಿದೆ. ದೀಪದ ಪಟ್ಟಿ ಮುರಿಯಿತೆಂದು ಮಾತ್ರ ಅಣ್ಣನಿಗೆ ಹೇಳಿದೆ. ಒಂದು ತಿಂಗಳಾದ ಮೇಲೆ ಉಳಿದುದನ್ನೂ ಹೇಳಬೇಕೆಂದಿದ್ದೆ. ನಾಲ್ಕು ವರ್ಷ ಕಳೆಯಿತು. ಕುತ್ತಿಗೆಯನ್ನು ಬಿಚ್ಚುವ ಪ್ರಸಂಗ ಬರಲಿಲ್ಲ. ನಾನೂ ಬಾಯಿ ಬಿಚ್ಚಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅಣ್ಣನ ಕತ್ತು ಬಿಗಿಯತೊಡಗಿತು. ಇಪ್ಪತ್ತೈದು ವರ್ಷ ಯಂತ್ರದ ಮೇಲೆ ಬಾಗಿದ ಕತ್ತು ಅದು. ಬಗ್ಗಿ ಸೈಕಲ್ ಹೊಡೆದರೆ ಬೆರಳುಗಳಲ್ಲಿ ಜೋಮು ಹಿಡಿಯುತ್ತಿತ್ತು. ಹೊಲಿಗೆಯಲ್ಲಿ ಹೇಗೂ ಬಗ್ಗುವುದು ತಪ್ಪದು, ದಾರಿಯಲ್ಲಾದರೂ ನೆಟ್ಟಗೆ ಕೂಡ್ರಿ ಎಂದು ವೈದ್ಯರು ಹೇಳಿದರು. ಹ್ಯಾಂಡಲನ್ನು ಮೂರು ಬೆರಳು ಏರಿಸಿದರೆ ಸಾಕಿತ್ತು. ಒಂದು ರವಿವಾರ ಅಣ್ಣ ಸೈಕಲ್ಲನ್ನು ಮಿಸ್ತ್ರಿಯ ಅಂಗಡಿಗೆ ಒಯ್ದ, ನಾನೂ ಜೊತೆಗಿದ್ದೆ.

ಮಿಸ್ತ್ರಿ ಬ್ರೇಕಿನ ಕಡ್ಡಿಗಳನ್ನು ಸಡಿಲಿಸಿ, ಕಾಂಡವನ್ನು ಹೊರಗೆಳೆದು, ಕೊಳವೆಯೊಳಗೆ ಬೆರಳಿಟ್ಟು ನೋಡಿದ. ಮತ್ತೊಮ್ಮೆ ನೋಡಿದ.

"ಇದು ನಾ ಕೂಡಿಸಿದ ಫೋರ್ಕ್ ಅಲ್ಲೋ."

"ಮತ್ತ ಯಾರು ಕೂಡಿಸಿದ್ರು? ನಿನ್ನ ಬಿಟ್ಟು ಇದಕ್ಕ ಯಾರ ಕೈ ಹಚ್ಯಾರ?"

"ಅದ ನನಗೂ ತಿಳೀವಲ್ದು. ಗಿಡ್ಡ ಐತಿ. ಏರಿಸಿದ್ರ ಒಂದಿನ ಹ್ಯಾಂಡಲ್ ಕೈಯಾಗ ಬರತೈತಿ. ಇದರ ಮ್ಯಾಲ ನಾ ಏರಸಂಗಿಲ್ಲ."

"ನನ್ನ ತಮ್ಮ ಮೂರ ತಿಂಗಳ ಒಯ್ದಿದ್ದ. ಇಂವಾ ಮಾಸ್ತರ. ಹುಡುಗರು ಒಂದ ಅಕ್ಷರ ತಪ್ಪಿದ್ರ ಹತ್ತ ಸಲ ಬರಸಾಂವ. ಏನರ ಆಗಿದ್ರ ಹೇಳತಿದ್ದಿಲ್ಲೇನು?"

ಮಿಸ್ತ್ರಿ ನನ್ನತ್ತ ನೋಡಿದ. ನಾನು ನೆಲದ ಮೇಲೆ ಚೆಲ್ಲಿದ್ದ ಬೇರಿಂಗಿನ ಗುಂಡುಗಳನ್ನು ಆರಿಸಿ ಡಬ್ಬಿಗೆ ಹಾಕುವ ಕೆಲಸ ಹಿಡಿದೆ. ಅವನು ಮೆಲ್ಲಗೆ, "ಹೋಗಲಿ ಬಿಡು. ಸರಿಯಾದ್ದ ಒಂದು ತಂದು ನಾನ ಕೂಡಸತೇನಿ" ಎಂದ.

ಆ ಮಾತೇ ಅನರ್ಥಕ್ಕೆ ಕಾರಣವಾಯಿತು.

"ತಪ್ಪ ಇಲ್ಲಂದ್ರ ನೀ ಯಾಕ ತರತಿ? ಗಿಡ್ಡಂದು ಹಾಕಿ ಏಳೆಂಟ ವರ್ಷ ನನ್ನ ಕೂಡ ಚಾ ಕುಡದೆಲ್ಲೋ!" ಎಂದು ಅಣ್ಣ ಎದ್ದ. ಮಿಸ್ತ್ರಿ ಕಾಂಡವನ್ನು ಮೊದಲಿನ ಎತ್ತರಕ್ಕೇ ಇಳಿಸಿ, ಕಡ್ಡಿಗಳನ್ನು ಬಿಗಿದು, ಸೈಕಲ್ಲನ್ನು ಅವನ ಕೈಗೆ ಕೊಟ್ಟ.

ಬೈಲಹೊಂಗಲಕ್ಕೆ ಒಯ್ದು ಫೋರ್ಕ್ ಬದಲಿಸಿ ತರಲೇ ಎಂದು ನಾನು ಎರಡು ಸಲ ಕೇಳಿದೆ. "ಅಂವಾ ಒಪ್ಪಿಕೊಳ್ಳಲಿ. ಅಂವನ ಕೈಲೇ ಸರಿ ಆಗಬೇಕು" ಎಂಬುದೇ ಅಣ್ಣನ ಉತ್ತರ. ಒಂದು ವರ್ಷ ಬಗ್ಗಿಕೊಂಡೇ ಹೊಡೆದ. ಮಿಸ್ತ್ರಿಯ ಅಂಗಡಿಯ ಮುಂದೆ ಹಾಯಬಾರದೆಂದು ಹಿಂದಿನ ಓಣಿಯಿಂದ ಸುತ್ತಿ ಬರುತ್ತಿದ್ದ. ಆಮೇಲೆ ಸೈಕಲ್ ಬಿಟ್ಟ. ಬಸ್ಸು ಬಂದಾಗ ಅಂಗಡಿ, ಬಾರದಾಗ ಇಲ್ಲ ಎಂದಾಯಿತು. ಗಿರಾಕಿಗಳು ಬೇರೆ ಕಡೆ ಹೋದರು. ಕೊನೆಗೆ ಯಂತ್ರವನ್ನು ಹೂಲಿಗೆ ತಂದು, ಪಡಸಾಲೆಯಲ್ಲಿ ಕುಳಿತು ರವಿಕೆ, ಲಂಗ ಹೊಲಿಯತೊಡಗಿದ. ಎದುರಿಗೆ ಮಾತಿಗೆ ಯಾರೂ ಇರಲಿಲ್ಲ. ಪ್ರತಿ ರಜೆಯಲ್ಲಿ ಹೋಗುತ್ತಿದ್ದೆ, ಹೇಳಬೇಕೆಂದು ನಿಶ್ಚಯಿಸಿಕೊಂಡೇ ಹೋಗುತ್ತಿದ್ದೆ. ಅವನು ನೆರೆಯವರೊಂದಿಗೆ ನನ್ನ ಪ್ರಾಮಾಣಿಕತೆಯನ್ನು ಹೊಗಳುತ್ತಿದ್ದ; ನಾನು ಊಟ ಮಾಡಿ ಮರಳುತ್ತಿದ್ದೆ.

ಮಿಸ್ತ್ರಿಯೂ ಅಂಗಡಿ ಮುಚ್ಚಿ ರಾಮದುರ್ಗದಲ್ಲಿ ಮಗಳ ಮನೆ ಸೇರಿದನೆಂಬ ಸುದ್ದಿ ತಿಳಿದ ದಿನ ಹೂಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಚಕ್ಕಡಿ, ಕಿತ್ತೂರಿನ ಅಂಗಡಿ, ಎಣ್ಣೆ, ಧೂಳು, ಒಂದನ್ನೂ ಬಿಡಲಿಲ್ಲ. ಅಣ್ಣ ಹೊಲಿಯುತ್ತಿದ್ದ ಸಾಲನ್ನು ಪೂರ್ತಿಗೊಳಿಸಿ, ನೂಲು ಕತ್ತರಿಸಿದ.

"ನಾಳಿಗೆ ರಾಮದುರ್ಗಕ್ಕ ಹೋಗೂಣು" ಎಂದಷ್ಟೇ ಹೇಳಿದ.

ಮಿಸ್ತ್ರಿ ಕಟ್ಟೆಯ ಮೇಲೆ ಕುಳಿತಿದ್ದ. ಬಹಳ ಇಳಿದಿದ್ದ; ಎರಡೂ ಕೈ ತಾವಾಗಿಯೇ ನಡುಗುತ್ತಿದ್ದವು. ಅಣ್ಣ ಅವನ ಮುಂದೆ ನಿಂತು, "ನಂದ ತಪ್ಪಾತು" ಎಂದ.

"ಕುಂಡ್ರು ಮೊದಲ. ಅಂಗಿ ಚಲೋ ಹೊಲದೀ, ಈಗ ನನಗ ಬರತೈತಿ ನೋಡು" ಎಂದು ನಕ್ಕ ಮಿಸ್ತ್ರಿ. ಬಳಿಕ ನನ್ನ ಕಡೆ ತಿರುಗಿ, "ನೀವು ಗುಂಡು ಆರಸಾಕ ಹತ್ತಿದ್ರಿ ನೋಡ್ರಿ ಮಾಸ್ತರ್ರ, ಆಗ ತಿಳೀತು ನನಗ. ತಮ್ಮನ ಮ್ಯಾಲ ಭಾಳ ಅಭಿಮಾನ ಇವನಿಗೆ. ನನ್ನ ಬಾಯಿಲೇ ಅದನ್ನ ಮುರಿಯೂದು ಬ್ಯಾಡ ಅಂದೆ. ನೀವ ಹೇಳತೀರಿ, ಇಂವಾ ಸಂಜಿಕ ಬರತಾನ ಅಂತ ಕುಂತಿದ್ದೆ" ಎಂದ.

ಆಮೇಲೆ ಅಣ್ಣನ ಕಡೆ ತಿರುಗಿದ.

"ಸೈಕಲ್ ಐತೇನು?" ಎಂದು ಕೇಳಿದ.

"ಐತಿ, ಗ್ವಾಡಿಗೆ ನಿಂತೈತಿ."

"ಏರಿಸಿ ಕೊಡತಿದ್ದೆ" ಎಂದು ತನ್ನ ಕೈಗಳನ್ನು ನೋಡಿಕೊಂಡ. "ಈ ಕೈಯಾಗ ಪಾನಾ ನಿಲ್ಲಂಗಿಲ್ಲ ಬಿಡು."

ಮರಳುವಾಗ ಬಸ್ಸಿನಲ್ಲಿ ಅಣ್ಣ ಕಿಟಕಿಯ ಪಕ್ಕ ಕುಳಿತ. ಅರ್ಧ ದಾರಿ ಸಾಗಿದ ಮೇಲೆ ಕೇಳಿದ:

"ಆವತ್ತ ಯಾಕ ಹೇಳಲಿಲ್ಲ?"

"ನೀ ಬೈತೀ ಅಂತ ಅಂಜಿದೆ."

"ಬೈತಿದ್ದೆ" ಎಂದ. "ಭಾಳಂದ್ರ ಎರಡ ದಿನ."

ಹೊರಗೆ ನೋಡಲೆಂದು ತಲೆ ತಿರುಗಿಸಹೋದ; ಕತ್ತು ತಿರುಗಲಿಲ್ಲ. ಸೀಟಿನ ಸರಳು ಹಿಡಿದು ಇಡೀ ಮೈಯನ್ನೇ ಕಿಟಕಿಯತ್ತ ಹೊರಳಿಸಿ ಕುಳಿತ. ಸವದತ್ತಿ ಬರುವವರೆಗೂ ನನಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು.